ಸಂಪಿನಲ್ಲಿ ಕೂತ ಗಂಗಿ

ನೀರಿಗೆ ತನ್ನ ದಾರಿ ಗೊತ್ತು, ಗೊತ್ತಿಲ್ಲದ್ದು ಮನುಷ್ಯನಿಗೆ ಎಂದು ಮಕ್ತಲ್ ಕಡೆಯ ಹಿರಿಯರು ಹೇಳುತ್ತಾರೆ. ಗಂಗಾಂಬಿಕಾ ಮೇಡಂ ಇದನ್ನು ಅರ್ಧ ಮಾತ್ರ ಒಪ್ಪುತ್ತಿದ್ದಳು. ನೀರು ಎಷ್ಟು ಆಳದಲ್ಲಿ ಹೋದೀತು, ಎಷ್ಟು ವೇಗದಲ್ಲಿ ಹೋದೀತು, ಎಲ್ಲಿ ಸಿಟ್ಟಾದೀತು, ಎಲ್ಲಿ ತಣ್ಣಗಾದೀತು ಎಂದು ಮೊದಲೇ ಹೇಳುವ ವಿದ್ಯೆಯೊಂದಿದೆ, ಆ ವಿದ್ಯೆಯನ್ನೇ ಕಲಿಸಿ ಅವಳು ಅನ್ನ ಉಣ್ಣುತ್ತಿದ್ದಳು. ಮಕ್ತಲ್ ಬಿಟ್ಟು ನಾರಾಯಣಪೇಟೆಯ ದಾರಿ ಹಿಡಿದರೆ, ಗುಂಡುಕಲ್ಲುಗಳ ನಡುವೆ ಒಂಟಿಯಾಗಿ ನಿಂತ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಅಲ್ಲಿ ಎರಡನೇ ವರ್ಷದ ಸಿವಿಲ್ ಹುಡುಗರಿಗೆ ಹೈಡ್ರಾಲಿಕ್ಸ್‌ನ ಮೊದಲ ಪಾಠ ಅವಳದು. ಕೊಳವೆಯೊಳಗಿನ ನೀರು, ಕಾಲುವೆಯೊಳಗಿನ ನೀರು, ಪಂಪು, ಅಣೆಕಟ್ಟು, ಊರಿಗೆ ನೀರು ಹಂಚುವ ಬಗೆ, ಎಲ್ಲವೂ ಆ ಪಾಠದಲ್ಲಿತ್ತು. ನೀರೊಂದು ಮಾತ್ರ ಇರಲಿಲ್ಲ.

ತೆಲುಗು ಸೀಮೆ ಎರಡಾಗಿ ಹೊಸ ರಾಜ್ಯ ಹುಟ್ಟಿದ ಮೇಲಿನ ಮೊದಲ ಬೇಸಿಗೆ ಅದು. ಪ್ರಯೋಗಶಾಲೆಯ ನಡುವೆ ಗಾಜಿನ ಗೋಡೆಗಳ ಉದ್ದನೆಯ ಕಾಲುವೆಯೊಂದು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ನೆಲದೊಳಗಿನ ಸಂಪಿನಿಂದ ಪಂಪು ನೀರನ್ನು ಎತ್ತಿ ಅದರ ತಲೆಗೆ ಸುರಿಯಬೇಕು, ನೀರು ಅದರೊಳಗೆ ಹರಿದು ತುದಿಯಿಂದ ಮತ್ತೆ ಸಂಪಿಗೇ ಬೀಳಬೇಕು. ಅದು ಬಂದಿಳಿದ ವರ್ಷವೇ ಪ್ರತ್ಯೇಕ ರಾಜ್ಯದ ಚಳವಳಿ ಜೋರಾಯಿತು. ಬಂದ್, ಧರಣಿ, ರಸ್ತೆಯ ಮೇಲೆ ಅಡುಗೆ, ತಿಂಗಳುಗಟ್ಟಲೆ ಬೀಗ. ಕಾಲೇಜು ತೆರೆದಾಗ ಕರೆಂಟಿಲ್ಲ, ಕರೆಂಟು ಬಂದಾಗ ಬೋರು ಬತ್ತಿತ್ತು. ಗಾಜಿನ ಕಾಲುವೆಯೊಳಗೆ ಯಾರೋ ಚಳವಳಿಯ ಗುಲಾಬಿ ಬಣ್ಣದ ಬಾವುಟಗಳನ್ನೂ ಹಳೆಯ ಫ್ಲೆಕ್ಸ್‌ಗಳನ್ನೂ ಸುತ್ತಿಟ್ಟಿದ್ದರು. ರಾಜ್ಯ ಬಂತು, ಬಾವುಟ ಅಲ್ಲಿಯೇ ಉಳಿಯಿತು.

ಆ ಕಾಲುವೆಯಲ್ಲಿ ಮಾಡಬೇಕಾದ ಪ್ರಯೋಗಗಳಲ್ಲಿ ದೊಡ್ಡದು ನೀರಿನ ಜಿಗಿತ. ಹಲಗೆಯಂಥ ಗೇಟಿನ ಕೆಳಗಿನ ಸಂದಿಯಿಂದ ನುಗ್ಗಿದ ನೀರು ತೆಳ್ಳಗೆ, ಹಾವಿನಂತೆ ಸರಸರನೆ ಓಡಿ ಬರುತ್ತದೆ. ಮುಂದೆ ಆಳದ ನೀರು ಅಡ್ಡ ನಿಂತಿದ್ದನ್ನು ಕಂಡು ತಟ್ಟನೆ ಎದ್ದು, ಬಿಳಿಯ ನೊರೆಯಾಗಿ ತನ್ನ ಮೇಲೆ ತಾನೇ ಹೊರಳಿ, ಓಡಿ ಬಂದ ಸಿಟ್ಟನ್ನೆಲ್ಲ ಅಲ್ಲಿಯೇ ಕಳೆದುಕೊಂಡು, ಆಮೇಲೆ ದೊಡ್ಡವರಂತೆ ಮೆಲ್ಲಗೆ ನಡೆಯುತ್ತದೆ. ಜಿಗಿಯುವ ಮೊದಲು ಎಷ್ಟು ಆಳ, ಜಿಗಿದ ಮೇಲೆ ಎಷ್ಟು ಆಳ, ಇವೆರಡನ್ನು ಅಳತೆಗೆರೆಗಳಿರುವ ಮೊನೆಗಡ್ಡಿಯನ್ನು ನೀರಿಗೆ ತಾಗುವಂತೆ ಇಳಿಸಿ ಅಳೆದರೆ ಪುಸ್ತಕದ ಸೂತ್ರ ಖರೆಯೋ ಸುಳ್ಳೋ ತಿಳಿಯುತ್ತದೆ.

ಆದರೆ ಆ ಕಾಲೇಜಿನಲ್ಲಿ ಯಾರೂ ಅಳೆದವರಿಲ್ಲ. ಪ್ರತಿವರ್ಷದ ಹುಡುಗರೂ ರೆಕಾರ್ಡಿನಲ್ಲಿ ಅವೇ ಅಂಕಿಗಳನ್ನು ಬರೆಯುತ್ತಿದ್ದರು. ಮೊದಲ ಬ್ಯಾಚಿನವನೊಬ್ಬ ಹೈದರಾಬಾದಿನ ಗೆಳೆಯನಿಂದ ಝೆರಾಕ್ಸ್ ತಂದ ಅಂಕಿಗಳಂತೆ ಅವು. ಅದೆಲ್ಲ ಎಲ್ಲರಿಗೂ ಗೊತ್ತು, ಪರೀಕ್ಷೆ ಮಾಡಲು ಹೊರಗಿನಿಂದ ಬರುವವರಿಗೂ ಗೊತ್ತು. ಆ ಅಂಕಿಗಳ ನೀರು ಯಾವ ಕಾಲದಲ್ಲೋ ಹರಿದು, ಆವಿಯಾಗಿ, ಯಾವ ಯಾವ ಊರಿನ ಮೇಲೆ ಮಳೆಯಾಗಿ ಬಿದ್ದಿತ್ತೋ ದೇವರೇ ಬಲ್ಲ. ಇಲ್ಲಿ ಮಾತ್ರ ಅದು ಕಾಗದದ ಮೇಲೆ ಇನ್ನೂ ಜಿಗಿಯುತ್ತಲೇ ಇತ್ತು.

ಗಂಗಾಂಬಿಕೆಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಹೊಸ ರಾಜ್ಯದ ಈ ಮೊದಲ ಬ್ಯಾಚಾದರೂ ಪ್ರಾಕ್ಟಿಕಲ್ ಪರೀಕ್ಷೆಯ ಮೊದಲು ತಾವೇ ಕಂಡ ನೀರನ್ನು ತಾವೇ ಅಳೆಯಬೇಕು, ಒಂದೇ ಒಂದು ಸಲ ಸಾಕು ಎಂದು ಹಟ ಹಿಡಿದಳು. ಅವಳು ಕಪ್ಪು ಹಲಗೆಯ ಮೇಲೆ ಜಿಗಿತದ ಚಿತ್ರ ಬರೆಯುವಾಗ, ಗದ್ವಾಲದಿಂದ ಬರುತ್ತಿದ್ದ ಮಲ್ಲೇಶ ಎಂಬ ಹುಡುಗ ಹಿಂದಿನ ಬೆಂಚಿನಿಂದ ಹೇಳಿದ್ದ: "ಮೇಡಂ, ನಮ್ಮ ಕಡಿ ಈಜು ಕಲಸೋರು ಮೊದಲ ಬಾವ್ಯಾಗ ದೂಡತಾರ್ರೀ. ನೀವು ಹಲಿಗಿ ಮ್ಯಾಲೆ ಈಜಸಾಕತ್ತೀರಿ." ಹುಡುಗರು ನಕ್ಕರು. ಅವಳಿಗೆ ನಗು ಬರಲಿಲ್ಲ, ಯಾಕೆಂದರೆ ಮಾತು ಖರೆ ಇತ್ತು.

ಮೊದಲು ಪಂಪಿನ ಮೋಟಾರು. ಸುಟ್ಟು ಹೋಗಿದ್ದ ಅದನ್ನು ರಿವೈಂಡಿಂಗ್ ಮಾಡಿಸಲು ಗದ್ವಾಲಕ್ಕೆ ಒಯ್ಯಬೇಕಿತ್ತು. ಕಾಲೇಜಿನ ಜೀಪು ಕೇಳಿದರೆ ಪ್ರಿನ್ಸಿಪಾಲ್ ಚಂದ್ರಯ್ಯನವರು ಜೀಪಿಗೆ ಡ್ರೈವರಿಲ್ಲ ಎಂದರು, ಡ್ರೈವರು ಸಿಕ್ಕಾಗ ಜೀಪಿಲ್ಲ ಎಂದರು. ಕೊನೆಗೆ ಗೋಣಿಚೀಲದಲ್ಲಿ ಕಟ್ಟಿಸಿ, ಬಸ್ಸಿನಲ್ಲಿ ತನ್ನ ಕಾಲ ಬಳಿಯೇ ಇಟ್ಟುಕೊಂಡು ಹೊರಟಳು. ಕಂಡಕ್ಟರು ಚೀಲವನ್ನು ನೋಡಿ, ಏನಕ್ಕಾ, ತವರಿಗೆ ರುಬ್ಬುಕಲ್ಲು ಒಯ್ಯಾಕತ್ತೀರೇನು ಎಂದು ಕೇಳಿದ. ಜೂರಾಲ ಅಣೆಕಟ್ಟಿನ ಮೇಲಿಂದ ಬಸ್ಸು ಸಾಗುವಾಗ ಕೆಳಗೆ ಕೃಷ್ಣೆ ಬಿಸಿಲಲ್ಲಿ ಹೊಳೆಯುತ್ತ ಮಲಗಿದ್ದಳು. ಇಷ್ಟು ನೀರು ಇಲ್ಲಿ, ನನಗೆ ಬೇಕಾದದ್ದು ಒಂದು ಟ್ಯಾಂಕರು ಎಂದು ಗಂಗಾಂಬಿಕಾ ಕಿಟಕಿಯ ಸರಳಿಗೆ ಹಣೆ ಒತ್ತಿದಳು.

ಮೋಟಾರು ಬಂತು. ಉಟ್ಕೂರಿನ ಸಾಯಣ್ಣನ ಟ್ಯಾಂಕರು ಬಂದು ಸಂಪು ತುಂಬಿಸಿ ಹೋಯಿತು. ಪ್ರಯೋಗ ಸೋಮವಾರ ಎಂದು ಸಾರಿದಳು. ಸೋಮವಾರ ಬೆಳಿಗ್ಗೆ ಸಂಪಿನ ಮುಚ್ಚಳ ಎತ್ತಿದರೆ ತಳದಲ್ಲಿ ಅಂಗೈಯಷ್ಟು ಕೆಸರು, ಅದರಲ್ಲೊಂದು ಪ್ಲಾಸ್ಟಿಕ್ ತಂಬಿಗೆ.

ನೀರು ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ. ಹಾಸ್ಟೆಲಿನ ಹುಡುಗಿಯರ ಕೂದಲು ಆ ದಿನ ಶಾಂಪೂ ವಾಸನೆಯಿಂದ ಘಮಘಮಿಸುತ್ತಿತ್ತು. ಬೀಗದ ಕೈ ಇದ್ದದ್ದು ಕುರುಮಯ್ಯನ ಹತ್ತಿರ. ಉಟ್ಕೂರಿನ ಬೀರಪ್ಪ ದೇವರ ಒಕ್ಕಲಿನವನು, ಕುರಿ ಕಾಯ್ದು ಬೆಳೆದು, ಮೊಣಕಾಲು ಸೋತ ಮೇಲೆ ಪ್ರಯೋಗಶಾಲೆಯ ಕಾವಲಿಗೆ ಸೇರಿದವನು. ಹೆಗಲ ಮೇಲೆ ಕರಿ ಕಂಬಳಿ ಬೇಸಿಗೆಯಲ್ಲೂ ಇಳಿಯದು. ಅವಳು ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು, ಅದರಿಂದ ಬೈಯುವುದು ಕಷ್ಟವಾಗುತ್ತಿತ್ತು.

"ಖಾಲಿ ಕೊಡ ಹಿಂದಕ್ಕ ಕಳಸೋ ನೇಮ ನಮ್ಮ ಮನ್ಯಾಗ ಇಲ್ರೀ ಅಕ್ಕೋರ" ಎಂದ ಕುರುಮಯ್ಯ. ತಪ್ಪು ಮಾಡಿದವನ ದನಿಯೇ ಅಲ್ಲ. "ಹಳ್ಳದಾಗ ಒರತಿ ತೋಡಿದ್ರ, ತೋಡಿದಾವ ಕಡೀಗೆ ಕುಡೀಬೇಕು. ಮೊದಲ ಬಂದವರ ಕುರಿ ಕುಡೀಬೇಕು. ನಮ್ಮಪ್ಪ ಹಂಗ ಹೇಳ್ಯಾನ."

"ಅದು ಹಳ್ಳ ಅಲ್ಲ ಕಾಕಾ. ಹುಡುಗರು ಕಲಿಯಾಕ ತರಿಸಿದ ನೀರು."

"ಹುಡುಗ್ಯಾರೂ ಕಲಿಯೋರೇ ಅಲ್ಲೇನ್ರೀ? ಜಳಕ ಇಲ್ದ ಹೆಂಗ ಕಲೀತಾವ?"

ಅವಳು ಬೀಗದ ಕೈ ಕಿತ್ತುಕೊಂಡಳು. ಅವನು ಬೇಸರಿಸಲಿಲ್ಲ, ಬೆನ್ನಿನಿಂದ ಒಂದು ಮೂಟೆ ಇಳಿದಂತೆ ಕೊಟ್ಟುಬಿಟ್ಟ.

ಎರಡನೆಯ ಸಲ ಟ್ಯಾಂಕರು ಬಂದಾಗ ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿತ್ತು. ಪಾಠದ ನಡುವೆ ಚಂದ್ರಯ್ಯನವರು ಜವಾನನನ್ನು ಕಳಿಸಿದರು. ಕ್ಯಾಂಟೀನಿನ ಬುಗ್ಗಮ್ಮ ಅನ್ನಕ್ಕೆ ನೀರಿಲ್ಲವೆಂದು ಅಳುತ್ತ ಕೂತಿದ್ದಾಳೆ, ಎರಡು ಕೊಡ ಅಷ್ಟೇ, ಬೀಗದ ಕೈ ಕೊಡಬೇಕಂತೆ. ಇಲ್ಲ ಎನ್ನುವುದಾದರೂ ಹೇಗೆ? ಅನ್ನಕ್ಕೆ ತಾನೇ. ಎರಡು ಕೊಡದ ಹಿಂದೆ ಇಪ್ಪತ್ತು ಕೊಡ, ಅದರ ಹಿಂದೆ ಕಟ್ಟಡದ ಗೋಡೆಗೆ ಗಿಲಾಯಿ ಬಳಿಯುವವರ ಡ್ರಮ್ಮು. ಸಂಜೆ ಬೀಗದ ಕೈ ಮಾತ್ರ ಜೋಪಾನವಾಗಿ ಮರಳಿ ಬಂತು. ಪ್ರಿನ್ಸಿಪಾಲರ ಕೋಣೆಗೆ ಹೋಗಿ ಸಿಟ್ಟಿನಿಂದಲೇ ಮಾತಾಡಿದಳು. ಅವರು ಗಾಳಿ ಬೀಸಿಕೊಳ್ಳುತ್ತ, ತೆಲುಗು ಬೆರೆಸಿ, ಪರವಾಲೇದಮ್ಮಾ, ಇರಲಿ ಬಿಡು, ರೆಕಾರ್ಡು ಬರೆಸಿಬಿಡು, ಇಷ್ಟು ವರ್ಷ ಬರೆದಿಲ್ಲವೇನು, ಯಾರಾದರೂ ಸತ್ತರೇನು ಎಂದರು. ಯಾರೂ ಸತ್ತಿರಲಿಲ್ಲ.

ಮನೆಗೆ ಬಂದು ಚಹಾ ಕುಡಿಯದೆ ಕೂತಳು. ಪರೀಕ್ಷೆ ಹತ್ತಿರ ಬಂದಿತ್ತು, ಇನ್ನೊಂದೇ ಟ್ಯಾಂಕರಿಗೆ ಒಪ್ಪಿಗೆ ಇತ್ತು. ಬೀಗವನ್ನು ಈ ಸೀಮೆಯ ಜನ ಲೆಕ್ಕಕ್ಕಿಡುವುದಿಲ್ಲ, ಮಾತನ್ನೂ ಲೆಕ್ಕಕ್ಕಿಡುವುದಿಲ್ಲ. ಇವರು ಲೆಕ್ಕಕ್ಕಿಡುವುದು ಏನನ್ನು ಎಂದು ಯೋಚಿಸುತ್ತ ಕೂತವಳಿಗೆ ತನ್ನ ಅಜ್ಜಿ ಗುರಮ್ಮ ನೆನಪಾದಳು. ರಾಯಚೂರು ಸೀಮೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಹಬ್ಬದ ಮುಂಚೆ ಹಿತ್ತಲ ತೊಟ್ಟಿಯ ನೀರು ಯಾರೂ ಮುಟ್ಟಬಾರದೆಂದಿದ್ದರೆ ಅಜ್ಜಿ ಕೂಗಾಡುತ್ತಿರಲಿಲ್ಲ. ಅದಕ್ಕೆ ಅರಿಷಿಣ ಕುಂಕುಮ ಏರಿಸಿ, ಉಡಿ ತುಂಬಿ, ನೀರಿನ ತಾಯಿ ಗಂಗಿಯನ್ನು ಅದರಲ್ಲಿ ಕೂಡಿಸಿಬಿಡುತ್ತಿದ್ದಳು. ಗಂಗಿ ಕೂತ ನೀರಿಗೆ ಮನೆಯ ಬೆಕ್ಕೂ ಬಾಯಿ ಹಾಕುತ್ತಿರಲಿಲ್ಲ.

ಟ್ಯಾಂಕರು ಬಂದ ದಿನ ಗಂಗಾಂಬಿಕಾ ಮಿಂದು, ಇಳಕಲ್ ಸೀರೆ ಉಟ್ಟು ಬಂದಳು. ಸಂಪಿನ ಸುತ್ತ ರಂಗೋಲಿ ಎಳೆದಳು. ಮುಚ್ಚಳ ತೆಗೆದು ನೀರಿಗೆ ಅರಿಷಿಣ ಕುಂಕುಮ ಬಿಟ್ಟಳು. ಮುಚ್ಚಳ ಮುಚ್ಚಿ ಅದರ ಮೇಲೆ ಹಸಿರು ಬಳೆ, ಖಣ, ಎಲೆ ಅಡಿಕೆ ಇಟ್ಟು, ಕಾಯಿ ಒಡೆದು ದೀಪ ಹಚ್ಚಿದಳು. ಕುರುಮಯ್ಯನ ಕಣ್ಣಲ್ಲಿ ನೀರು ನಿಂತಿತು. ಇಷ್ಟು ದಿನ ಈ ಅಕ್ಕೋರಿಗೆ ದೇವರ ಗೊಡವೆ ಇಲ್ಲವೆಂದು ತಿಳಿದಿದ್ದೆ, ತಪ್ಪಾಯಿತು ಎಂದು ಮಡಿಲ ಚೀಲದಿಂದ ಬೀರಪ್ಪನ ಭಂಡಾರದ ಅರಿಷಿಣ ತೆಗೆದು ಚೆಲ್ಲಿದ. ಅವಳು ಕಣ್ಣು ಮುಚ್ಚಿ ಅಜ್ಜಿಯ ಮಾತುಗಳನ್ನೇ ಹೇಳಿದಳು: ತಾಯಿ, ಬಾ, ಕೂಡು, ನಿನ್ನ ಹೊರತು ನಮಗ್ಯಾರು. ಮನಸ್ಸಿನಲ್ಲಿದ್ದದ್ದು ಬೀಗ. ಬಾಯಲ್ಲಿ ಬಂದದ್ದು ಪ್ರಾರ್ಥನೆ.

ದೇವರನ್ನು ಬೀಗ ಮಾಡಿಕೊಳ್ಳಬಾರದು. ಮಾಡಿಕೊಂಡರೆ ಕೀಲಿಕೈ ದೇವರ ಕೈಯಲ್ಲೇ ಉಳಿಯುತ್ತದೆ. ಇದು ಗಂಗಾಂಬಿಕೆಗೆ ಆಮೇಲೆ ತಿಳಿಯಿತು. ಆಗ ಮಾತ್ರ ಅವಳ ಉಪಾಯ ಚೆನ್ನಾಗಿ ಹಿಡಿಯಿತು. ಹಾಸ್ಟೆಲಿನ ಹುಡುಗಿಯರು ಕೊಡ ಹಿಡಿದು ಬಂದವರು ರಂಗೋಲಿ ನೋಡಿ, ಕೆನ್ನೆ ಮುಟ್ಟಿಕೊಂಡು ಹಿಂದಿರುಗಿದರು. ಬುಗ್ಗಮ್ಮ ಬಂದು ಊದಿನಕಡ್ಡಿ ಸಿಕ್ಕಿಸಿ ಹೋದಳು. ಚಂದ್ರಯ್ಯನವರು ಬೂಟು ಕಳಚಿಟ್ಟು ಒಳಗೆ ಬಂದು, ಬೀಗ ಹಾಕದ ಸಂಪನ್ನು ನೋಡಿ, ಬೀಗ ಹಾಕದ್ದಕ್ಕೆ ಅವಳನ್ನೇ ಹೊಗಳಿದರು. ನೀರು ಒಂದು ಬೆರಳು ಕೂಡ ಇಳಿಯಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ಚೆನ್ನಾಗಿ ಉಂಡಳು.

ಪ್ರಯೋಗದ ದಿನ ಬಂತು. ಬಾವುಟಗಳನ್ನು ಕಪಾಟಿಗೆ ಸಾಗಿಸಿ ಗಾಜು ಒರೆಸಿದ್ದರು. ಹುಡುಗರು ಎರಡೂ ಬದಿಗೆ ಸಾಲುಗಟ್ಟಿ ನಿಂತರು. ಕರೆಂಟಿತ್ತು, ಅದೇ ಒಂದು ಪವಾಡ. ಕಾಕಾ, ಮೋಟಾರು ಹಾಕು ಎಂದಳು.

ಕುರುಮಯ್ಯ ಸ್ಟಾರ್ಟರಿನ ಹತ್ತಿರ ಹೋಗಲಿಲ್ಲ. ಹೆಗಲ ಕಂಬಳಿ ಸರಿಮಾಡಿಕೊಂಡ. "ಗಂಗಿ ಕೂತಾಳ್ರೀ ಅಕ್ಕೋರ."

"ಗೊತ್ತೈತಿ. ಹಾಕು."

"ಕೂತ ತಾಯಿಗೆ ಮೋಟಾರ್ ಹಚ್ಚಿ ಎಳೀಯಾಕ ಬರತೈತೇನ್ರೀ? ಮೊದಲ ಕಳಸಬೇಕು. ಕಳಿಸಿಂದ ನೀರಿಗೆ ಏನರ ಮಾಡ್ರಿ."

ಅವಳು ಮಲ್ಲೇಶನ ಕಡೆ ನೋಡಿದಳು. ಬಾಯಿಬಡುಕ ಹುಡುಗ, ಈಗ ತನ್ನ ಚಪ್ಪಲಿಗಳನ್ನು ನೋಡುತ್ತಿದ್ದ. ಗದ್ವಾಲದಲ್ಲಿ ಅವನ ಅವ್ವ ಹೊಳೆಗೆ ಉಡಿ ತುಂಬದೆ ಒಂದು ಹಬ್ಬವನ್ನೂ ಮಾಡಿದವಳಲ್ಲ. ಗಂಗಾಂಬಿಕಾ ಈಗ ಅಖಿಲಾಳನ್ನು ಕರೆದಳು. ಇಲ್ಲೇ ಹತ್ತಿರದ ಮದ್ದೂರಿನ ಆ ಹುಡುಗಿ ತರಗತಿಗೆಲ್ಲ ಜಾಣೆ, ಸೂತ್ರ ಕೇಳಿದರೆ ನಿದ್ದೆಯಲ್ಲೂ ಹೇಳುವವಳು. ಅವಳೂ ತಲೆ ಅಲ್ಲಾಡಿಸಿ, ನನಗೆ ಬೇಡ ಮೇಡಂ, ಮನೆಯಲ್ಲಿ ಗೊತ್ತಾದರೆ ಬೈತಾರೆ ಎಂದಳು.

ಗಂಗಾಂಬಿಕಾ ತಾನೇ ಹೋಗಿ ಹಸಿರು ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದರೆ ಆಯಿತು. ಮುಚ್ಚಳದ ಮೇಲೆ ಅವಳೇ ಇಟ್ಟ ಬಳೆಗಳಿದ್ದವು. ಅಜ್ಜಿಯ ಮಾತುಗಳನ್ನು ಉಪಾಯಕ್ಕೆಂದೇ ಹೇಳಿದ್ದು ನಿಜ, ಆದರೆ ಕಣ್ಣು ಮುಚ್ಚಿದ್ದು ಯಾರಿಗಾಗಿ? ಬೆರಳು ಗುಂಡಿಯ ಮೇಲೆಯೇ ಉಳಿಯಿತು. ಆಮೇಲೆ ಕೈ ಇಳಿಸಿ, ಹೋಗ್ರಿ ಎಲ್ಲರೂ ಎಂದಳು. ಆ ದನಿ ಕೇಳಿ ಹುಡುಗರು ಚಪ್ಪಲಿ ಸದ್ದಾಗದಂತೆ ಹೊರಬಿದ್ದರು.

ನಾರಾಯಣಪೇಟೆಯಲ್ಲಿ ಗಂಗಾಂಬಿಕೆಯ ಮನೆತನದ ಅಯ್ಯನವರಿದ್ದರು, ಕರಿಬಸಯ್ಯ. ಮಗ್ಗಗಳ ಓಣಿಯಲ್ಲಿ ಅವರ ಕಟ್ಟೆ, ಹಿಂದೆ ಮುಂದೆ ಲಾಳಿಯ ಟಕಟಕ ಸದ್ದು. ಗಂಗಾಂಬಿಕಾ ಮಧ್ಯಾಹ್ನವೇ ಬಸ್ಸು ಹತ್ತಿ ಹೋಗಿ, ಕಾಲಿಗೆ ಬಿದ್ದು, ಬೇಸರವನ್ನೆಲ್ಲ ಅವರ ಮುಂದೆ ಸುರಿದಳು. ಮುದುಕ ಪೂರಾ ಕೇಳಿಸಿಕೊಂಡರು.

"ಯಾಕ ಕೂಡಿಸಿದ್ದಿ ಯವ್ವ?"

"ನೀರು ಉಳೀಲಿ ಅಂತ್ರೀ ಅಯ್ಯನೋರ."

"ಉಳೀತಲ್ಲ."

"ಉಳೀತು. ಈಗ ನನಗೂ ಇಲ್ಲ."

ಕರಿಬಸಯ್ಯ ನಕ್ಕರು, ಆದರೆ ಕುಚೋದ್ಯದ ನಗುವಲ್ಲ. ಕಳಿಸುವುದೇನು ದೊಡ್ಡದಲ್ಲ, ಕೂತವಳನ್ನು ಹರಿಯುವಂತೆ ಮಾಡಿದರೆ ಅವಳು ಹೋದಂತೆಯೇ ಎಂದರು. ಅವಳ ಮುಖ ಅರಳಿತು. ಹಾಗಾದರೆ ತನ್ನ ಗಾಜಿನ ಕಾಲುವೆಯಲ್ಲಿ ಹರಿಯುತ್ತದಲ್ಲ, ಅಷ್ಟೇ ಸಾಕಲ್ಲ ಎಂದಳು. ಹರಿದು ಎಲ್ಲಿ ಹೋಗುತ್ತದೆ ಎಂದು ಅವರು ಕೇಳಿದರು. ಮತ್ತೆ ಸಂಪಿಗೇ ಬರುತ್ತದೆ, ಅದೇ ನೀರು ಸುತ್ತುತ್ತ ಇರುತ್ತದೆ, ಒಂದು ಹನಿ ಹಾಳಾಗುವುದಿಲ್ಲ ಎಂದು ಅವಳು ಹೆಮ್ಮೆಯಿಂದಲೇ ವಿವರಿಸಿದಳು.

"ಗಾಣದ ಎತ್ತಿನ್ಹಂಗ" ಎಂದರು ಕರಿಬಸಯ್ಯ. "ಉಡಿ ತುಂಬಿ ಮಗಳನ್ನ ಕಳಸ್ತಿ. ಓಣಿ ಸುತ್ತಿ ಸಂಜಿಗೆ ಮತ್ತ ನಿನ್ನ ಅಂಗಳದಾಗ ಬಂದು ನಿಂತರ, ಕಳಿಸಿದಂಗ ಆತೇನವ್ವ?"

ಅವಳಿಗೆ ವಾದ ಹೂಡಬೇಕೆನಿಸಿತು. ಕಡಲಿಂದ ಮೋಡ, ಮೋಡದಿಂದ ಮಳೆ, ಮಳೆಯಿಂದ ಹೊಳೆ, ಎಲ್ಲ ನೀರೂ ಗಾಣದ ಎತ್ತೇ ಅಲ್ಲವೇ ಎಂದು ಕೇಳಬಹುದಿತ್ತು. ಕೇಳಿದ್ದರೆ ಅವರು ಹೌದೆಂದೇ ಹೇಳುತ್ತಿದ್ದರೇನೋ. ಆದರೆ ಕುರುಮಯ್ಯನಿಗೆ ಆ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ತನ್ನ ಬೆರಳಿಗೂ ಆಗುತ್ತಿರಲಿಲ್ಲ.

ಮಕ್ತಲ್ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಮರಳಿ ಬರುವ ಕೊಳವೆಯನ್ನು ಬಿಚ್ಚಿ, ಕಿಟಕಿಯಿಂದ ಹೊರಕ್ಕೆ ಹಾಯಿಸಿ, ಹಿಂದಿನ ಹಳ್ಳಕ್ಕೆ ಬಿಡಬೇಕು. ಹಳ್ಳ ಇಳಿದರೆ ಕೃಷ್ಣೆ. ಆಗ ಗಂಗಿಯೂ ಹೋದಳು, ಪ್ರಯೋಗವೂ ಆಯಿತು. ಆದರೆ ನೀರು ಒಮ್ಮೆ ಮಾತ್ರ ಹರಿದೀತು. ಸಂಪಿನ ನೀರೆಲ್ಲ ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಮುಗಿದೀತು. ಗೇಟನ್ನು ಹದಕ್ಕೆ ತರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಪುಸ್ತಕಗಳು ಹೇಳುತ್ತವೆ. ಅವಳಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದಳು. ಕುರುಮಯ್ಯನ ಮೇಲೆ ಅಲ್ಲ, ಅಯ್ಯನವರ ಮೇಲೆ ಅಲ್ಲ. ದೇವಿಯ ಮೇಲಂತೂ ಆಗದು. ಉಳಿದವಳು ಒಬ್ಬಳೇ, ಅವಳು ಕಿಟಕಿಯ ಗಾಜಿನಲ್ಲಿ ಕಾಣುತ್ತಿದ್ದಳು.

ಮರುದಿನ ಮದುವೆ ಮನೆಯಂತೆ ಕೆಲಸ ಹಂಚಿದಳು. ಜಿಗಿತದ ಹಿಂದಿನ ಆಳಕ್ಕೆ ಅಖಿಲಾ, ಮುಂದಿನ ಆಳಕ್ಕೆ ಮಲ್ಲೇಶ, ಇಬ್ಬರ ಕೈಯಲ್ಲೂ ಮೊನೆಗಡ್ಡಿಯ ತಿರುಪು. ಒಬ್ಬ ಹೊತ್ತು ನೋಡುವವ, ಇಬ್ಬರು ಬರೆದುಕೊಳ್ಳುವವರು. ಕಾಲುವೆಯ ತುದಿಯಲ್ಲಿ ನೀರಿಗೆ ಅಡ್ಡ ಏಳುವ ಇನ್ನೊಂದು ಗೇಟಿಗೆ ತಾನೇ. ನೀರಿಲ್ಲದ ಕಾಲುವೆಯಲ್ಲಿ ಮೊನೆಗಡ್ಡಿಗಳನ್ನು ಇಳಿಸಿ ಏರಿಸಿ ತಾಲೀಮು ಮಾಡಿಸಿದಳು. ಜಿಗಿತ ನಿಂತ ಕೂಡಲೇ ಮೊನೆಯನ್ನು ನೀರಿಗೆ ಮುಟ್ಟಿಸಬೇಕು, ಓದಬೇಕು, ಕೂಗಬೇಕು, ಬೇರೆ ಏನೂ ಮಾಡಬಾರದು ಎಂದು ಮೂರು ಭಾಷೆಯಲ್ಲೂ ಹೇಳಿದಳು. ತಿಳೀತೇನು ಎಂದರೆ ಎಲ್ಲರೂ ತಿಳೀತು ಎಂದರು.

ಕುರುಮಯ್ಯ ಮಡಿಯುಟ್ಟು ಬಂದು ಗಂಗಿಗೆ ಮತ್ತೊಮ್ಮೆ ಉಡಿ ತುಂಬಿದ. ಬಳೆ, ಖಣ ತೆಗೆದು ಮೊರದಲ್ಲಿಟ್ಟುಕೊಂಡ. ಅಪ್ಪಣೆ ಕೇಳುವವನಂತೆ ಸ್ವಲ್ಪ ಹೊತ್ತು ನಿಂತು, ಈ ಸಲ ತಾನೇ ಹೋಗಿ ಗುಂಡಿ ಒತ್ತಿದ.

ಮೋಟಾರು ಗುಂಯ್ ಎಂದಿತು. ನೀರು ಗಾಜಿನೊಳಗೆ ಬಿದ್ದಾಗ ಹುಡುಗರು ಒಂದು ಹೆಜ್ಜೆ ಹಿಂದೆ ಸರಿದರು, ಒಳಗಿನ ಪ್ರಾಣಿಯೊಂದು ಮೈಮೇಲೆ ಬಂದಂತೆ. ಅರಿಷಿಣ ಬೆರೆತ ನೀರು, ತಿಳಿ ಹಳದಿ. ಗೇಟಿನ ಅಡಿಯಿಂದ ನುಗ್ಗಿ, ಒಂದೇ ಓಟಕ್ಕೆ ಕಾಲುವೆಯ ಉದ್ದವನ್ನೆಲ್ಲ ಕಳೆದು, ಜಿಗಿಯದೆ ಹೊರಗೆ ಹೋಗತೊಡಗಿತು. ಗಂಗಾಂಬಿಕಾ ತುದಿಯ ಗೇಟು ಏರಿಸಿದಳು. ಹೆಚ್ಚಾಯಿತು. ನೊರೆ ಎದ್ದದ್ದು ಹಿಂದಕ್ಕೆ ಹಿಂದಕ್ಕೆ ತೆವಳಿ ಮೊದಲ ಗೇಟಿನಡಿ ಮುಳುಗಿಹೋಯಿತು. ಇಳಿಸಿದಳು. ನೊರೆ ಮತ್ತೆ ಜಾರಿ ತುದಿಯಿಂದ ಹೊರಬಿತ್ತು. ಸಂಪಿನಲ್ಲಿ ನೀರು ಇಳಿಯುವ ಸದ್ದು ಬದಲಾಗುತ್ತಿತ್ತು. ಬೆವರು ಕಣ್ಣಿಗಿಳಿದು ಉರಿಯಿತು. ಇನ್ನಷ್ಟು ಏರಿಸಿದಳು, ಒಂದು ಕೂದಲೆಳೆಯಷ್ಟು ಇಳಿಸಿದಳು.

ಆಗ ಅದು ನಿಂತಿತು.

ಕಾಲುವೆಯ ನಟ್ಟನಡುವೆ, ಎಲ್ಲರ ಕಣ್ಣಿನ ಮಟ್ಟಕ್ಕೆ ನಿಂತಿತು. ಈಚೆ ಬೆರಳು ದಪ್ಪದ ನೀರು ಗಾಜಿನ ಹಾಳೆಯಂತೆ ನಯವಾಗಿ ಓಡಿ ಬರುತ್ತಿತ್ತು. ಅಲ್ಲೊಂದು ಗೆರೆಯಿತ್ತು. ಗೆರೆಯಾಚೆ ನೀರು ಎದ್ದು, ಮಗುಚಿ, ಮತ್ತೆ ಎದ್ದು, ಹಳದಿ ಬಿಳಿ ನೊರೆಯ ಒಂದು ಮುಡಿಯಾಗಿ ಹೊರಳುತ್ತಲೇ ಇತ್ತು. ಅಷ್ಟು ಓಡುತ್ತಿದ್ದರೂ ಆ ಮುಡಿ ಇದ್ದಲ್ಲೇ ಇತ್ತು. ನೀರು ಹೊಸದಾಗುತ್ತಿತ್ತು, ರೂಪ ಅದೇ ಇತ್ತು. ಅದರಾಚೆ ಆಳವಾದ ನೀರು, ಏನೂ ಆಗಿಲ್ಲವೆಂಬಂತೆ, ಹಳ್ಳದ ಕಡೆಗೆ ನಡೆದಿತ್ತು.

ಬಾಗಿಲ ಬಳಿಯಿಂದ ಕುರುಮಯ್ಯ, ಎದೆಯೊಳಗಿನ ದನಿಯಲ್ಲಿ, "ಹೋಗಿ ಬಾರವ್ವ" ಎಂದ.

ತರಗತಿಗೆ ತರಗತಿಯೇ ಕೈ ಮುಗಿಯಿತು. ಅಖಿಲೆಯ ಕೈ ತಿರುಪನ್ನು ಬಿಟ್ಟು ಎದೆಗೆ ಬಂತು, ಮಲ್ಲೇಶ ಕಣ್ಣು ಮುಚ್ಚಿದ, ಬರೆದುಕೊಳ್ಳುವವರ ಪೆನ್ನು ಕೆಳಗೆ ಬಿತ್ತು. ಮೊನೆಗಡ್ಡಿಗಳೆರಡೂ ನೀರಿನ ಮೇಲೆ ಗಾಳಿಯಲ್ಲಿ ತೂಗುತ್ತ ಉಳಿದವು. ಆಮೇಲೆ ಪಂಪು ಗಾಳಿ ನುಂಗಿ ಗೊರಗೊರ ಎಂದಿತು, ನೊರೆಯ ಮುಡಿ ಕಳಚಿ ಕುಸಿಯಿತು, ಕಾಲುವೆ ಬರಿದಾಯಿತು.

ಅಳತೆ ಎಷ್ಟು ಎಂದು ಗಂಗಾಂಬಿಕಾ ಕೇಳಿದಳು. ಇನ್ನೊಮ್ಮೆ ಕೇಳಿದಳು. ಇಷ್ಟು ಹೇಳಿ, ತಾಲೀಮು ಮಾಡಿಸಿ, ಒಂದು ಸಲ, ಒಂದೇ ಒಂದು ಸಲ ಮುಟ್ಟಿಸಿ ಓದಲು ಬರಲಿಲ್ಲವೇ, ಇನ್ನು ಈ ನೀರನ್ನು ಎಲ್ಲಿಂದ ತರಲಿ ಎಂದು ದನಿ ಏರಿಸಿದಳು.

"ಮೇಡಂ" ಎಂದ ಮಲ್ಲೇಶ, ಈ ಸಲ ಕುಚೋದ್ಯವಿಲ್ಲದೆ, "ನೀವೂ ಕೈ ಮುಗಿದೀರಿ."

ಅವಳು ಕೆಳಗೆ ನೋಡಿದಳು. ಕೈಗಳು ಇನ್ನೂ ಜೋಡಿಸಿಯೇ ಇದ್ದವು, ಗೇಟಿನ ಗ್ರೀಸು ಎರಡೂ ಅಂಗೈಗೆ ಹತ್ತಿತ್ತು.

ಸಾಯಣ್ಣನಿಗೆ ಫೋನ್ ಮಾಡಿದರೆ ಮುಂದಿನ ವಾರದ ತನಕ ಟ್ಯಾಂಕರು ಖಾಲಿಯಿಲ್ಲವೆಂದ. ಪರೀಕ್ಷೆ ಅದಕ್ಕೂ ಮೊದಲೇ ಇತ್ತು. ಅಂಕಿಗಳ ಜಾಗವನ್ನು ಖಾಲಿ ಬಿಡಿ, ಕಂಡದ್ದನ್ನಷ್ಟೇ ಬರೆಯಿರಿ, ಪರೀಕ್ಷೆ ಮಾಡಲು ಬಂದವರ ಹತ್ತಿರ ನಾನು ಮಾತಾಡುತ್ತೇನೆ ಎಂದು ಹುಡುಗರಿಗೆ ಹೇಳಿ ಕಳಿಸಿದಳು. ರೆಕಾರ್ಡುಗಳು ಸಹಿಗೆ ಬಂದಾಗ ಒಂದೊಂದೇ ತೆರೆದಳು. ಹೆಚ್ಚುಕಡಿಮೆ ಎಲ್ಲದರಲ್ಲೂ ಹೈದರಾಬಾದಿನ ಅವೇ ಅಂಕಿಗಳು ಅಚ್ಚುಕಟ್ಟಾಗಿ ಕೂತಿದ್ದವು. ಖಾಲಿ ಬಿಟ್ಟವರು ನಾಲ್ಕೈದು ಜನ, ಅವರಲ್ಲಿ ಮಲ್ಲೇಶನೂ ಒಬ್ಬ. ಅಖಿಲೆಯ ಪುಟ ತುಂಬಿತ್ತು. ಅಷ್ಟು ಚೆಂದದ ಅಕ್ಷರದಲ್ಲಿ ಆ ಸುಳ್ಳು ಇನ್ನೂ ಚೆಂದ ಕಾಣುತ್ತಿತ್ತು.

ಕರೆಸಿ ಕೇಳಿದಳು, ಬೈಯಲಿಲ್ಲ. ಅಖಿಲಾ ಉಗುರು ನೋಡಿಕೊಳ್ಳುತ್ತ ನಿಂತಿದ್ದಳು. ನಮ್ಮ ಮನೆಯಲ್ಲಿ ಓದಿದವಳು ನಾನೊಬ್ಬಳೇ, ಒಂದು ವಿಷಯ ಹೋದರೂ ಕಾಲೇಜು ಬಿಡಿಸುತ್ತಾರೆ ಎಂದಳು. ಆಮೇಲೆ ತಲೆ ಎತ್ತಿ, "ನೋಡಿದ್ದು ನನ್ನ ಕಡಿ ಐತ್ರೀ ಮೇಡಂ. ಅಂಕಿ ಅವರಿಗೆ ಬೇಕು, ಕೊಟ್ಟೀನಿ" ಎಂದಳು.

ಗಂಗಾಂಬಿಕಾ ಖಾಲಿ ಪುಟಗಳಿಗೆ ಮೊದಲು ಸಹಿ ಹಾಕಿದಳು. ತುಂಬಿದ ಪುಟಗಳಿಗೂ ಹಾಕಿದಳು, ಪೆನ್ನು ಪ್ರತಿಸಲವೂ ಸ್ವಲ್ಪ ತಡೆಯಿತು. ಆಮೇಲೆ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಇನ್ನೊಂದು ಟ್ಯಾಂಕರಿಗೆ ಒಪ್ಪಿಗೆ ಕೇಳಿದಳು. ಪರೀಕ್ಷೆ ಮುಗಿದ ಮೇಲೆ ನೀರು ಯಾಕಮ್ಮಾ ಎಂದು ಚಂದ್ರಯ್ಯನವರು ನಿಜವಾಗಿಯೂ ಗಲಿಬಿಲಿಗೊಂಡರು. ಅಳೆಯಲಿಕ್ಕೆ ಎಂದಳು. ಅವರು ಬಹಳ ಹೊತ್ತು ಗಾಳಿ ಬೀಸಿಕೊಂಡರು. ಅವಳು ಕುರ್ಚಿ ಬಿಟ್ಟು ಏಳದ್ದನ್ನು ಕಂಡು, ಇದೇ ಕೊನೆಯದು ಎಂದು ಸಹಿ ಹಾಕಿದರು.

ಪ್ರಯೋಗಶಾಲೆಯಲ್ಲಿ ಕುರುಮಯ್ಯ ಕೊಳವೆಯನ್ನು ಮತ್ತೆ ಸಂಪಿಗೆ ಜೋಡಿಸುತ್ತಿದ್ದ. ನೀರು ಬರುತ್ತದೆ, ಈ ಸಲ ಅರಿಷಿಣ ಕುಂಕುಮ ಏನೂ ಬೇಡ ಎಂದು ಅವಳು ಹೇಳಿದಳು. ಅವನು ಆಗಲಿ ಎಂದು ತಿರುಪು ಬಿಗಿದ. ಬಿಗಿಯುವುದನ್ನು ನಿಲ್ಲಿಸಿ ಕೇಳಿದ:

"ಯಾರರ ಕೊಡ ಹಿಡಕೊಂಡು ಬಂದರ ಏನನ್ಲಿ ಅಕ್ಕೋರ?"

ಅವಳು ಕಾಲುವೆಯ ಗಾಜಿಗೆ ಒರಗಿ ನಿಂತಳು.

"ಒಂದು ಕೊಡ ಕೊಡು" ಎಂದಳು ಕೊನೆಗೆ. "ಎರಡನೇದಕ್ಕ ನನ್ನ ಕೇಳು."

"ನೀವು ಏನಂತೀರಿ?"

"ಅವರ ಮುಖ ನೋಡಿ ಹೇಳ್ತೀನಿ, ಕಾಕಾ. ಈಗ ಕೊಳವಿ ಜೋಡಸು."